ರಕ್ತ ಕೊಟ್ಟವರ ಪಾಲು

ಬೊಬ್ರುವಾಡದ ಬೀರಿ ಹಟ ಹಿಡಿದಳೆಂದರೆ ಮುಗಿಯಿತು, ಎದುರಿನವರು ಕೈಮುಗಿದು ದಾರಿ ಬಿಡುವುದೇ ಲೇಸು. ಕೂಲಿ ನಾಟಿಯಲ್ಲಿ ಬೆನ್ನು ಬಗ್ಗಿಸಿ ಬದುಕಿದ ಹೆಂಗಸು, ಆದರೆ ಮಾತಿನಲ್ಲಿ ಯಾರಿಗೂ ಬಗ್ಗಿದವಳಲ್ಲ. ಎರಡು ಸಾವಿರದ ಏಳನೇ ಇಸವಿಯ ಮಳೆಗಾಲ ಹಿಡಿಯುತ್ತಿದ್ದಂತೆ ಅವಳು ಹಿಡಿದ ಹಟ ಇದು: ಹಿನ್ನೀರಂಚಿನ ಗಜನಿ ಗದ್ದೆಯ ಜ್ವರ ಎಂತದು ಎಂದು ತಿಳಿಯುವ ತನಕ ಮಗಳು ಸುಮಿತಾಳನ್ನು ಆ ನೀರಿಗೆ ಇಳಿಸುವುದಿಲ್ಲ.

ಹಿಂದಿನ ವರ್ಷದ ಆಷಾಢದಲ್ಲಿ ಅದೇ ಜ್ವರ ಅವಳ ಮಗ ಬೊಮ್ಮುವನ್ನು ತಿಂದಿತ್ತು. ಕಣ್ಣು ಹಳದಿಯಾದದ್ದೇ ತಡ, ಊರೆಲ್ಲ 'ಕಾಮಾಲೆ, ಕಾಮಾಲೆ' ಎಂದಿತು. ನಮ್ಮ ಕಡೆ ಕಣ್ಣು ಹಳದಿ ಕಂಡರೆ ಆಸ್ಪತ್ರೆ ನೆನಪಾಗುವುದಿಲ್ಲ ನೋಡಿ, ಗಾಂವಟಿ ಔಷಧ ಕೊಡುವವನ ಮನೆ ನೆನಪಾಗುತ್ತದೆ. ಸೊಪ್ಪಿನ ರಸ ಕುಡಿಸಿದರು, ಉಪ್ಪು, ಎಣ್ಣೆ ಬಿಡಿಸಿದರು. ಹುಡುಗ ಉಳಿಯಲಿಲ್ಲ.

ಅದಕ್ಕೂ ಎರಡು ಮೂರು ವರ್ಷ ಮೊದಲೇ ಸರ್ಕಾರದ ಸಂಶೋಧನೆಯವರು ಜೀಪಿನಲ್ಲಿ ಬಂದು ಜ್ವರ ಬಂದ ಕೂಲಿಯವರ ರಕ್ತ ತೆಗೆದುಕೊಂಡು ಹೋಗಿದ್ದರು. ಬೀರಿಯೂ ಕೈ ಚಾಚಿದ್ದಳು. "ಕಾರಣ ಸಿಕ್ಕಿದ್ರೆ ತಿಳಿಸ್ತೇವೆ" ಎಂದಿದ್ದರು ದೀಪಾಲಿ ಎಂಬ ಡಾಕ್ಟರಮ್ಮ. ತಿಳಿಸಲಿಕ್ಕೆ ಯಾರೂ ಬರಲಿಲ್ಲ.

ಬೀರಿ ಅಂಕೋಲೆಯ ಆಸ್ಪತ್ರೆಗೆ ಹೋಗಿ ಡಾಕ್ಟರ್ ಶ್ರೀನಿವಾಸನ ಎದುರು ಕೂತೇ ಬಿಟ್ಟಳು. ಆತ ಪಾಪ, ಒಳ್ಳೆಯವ. ಕಂಪ್ಯೂಟರಿನಲ್ಲಿ ಹುಡುಕಿದ.

"ಇಲ್ಲಿದೆ ನೋಡು ಬೀರಿ. 'ಕಾರವಾರ, ಅಂಕೋಲೆಯ ಗದ್ದೆ ಕೂಲಿಗಳ ಜ್ವರ: ಕಾರಣ, ಲಕ್ಷಣ, ತಡೆ.' ಹೆಸರು ಮಾತ್ರ ಕಾಣ್ತದೆ, ಒಳಗೆ ಬೀಗ. ವಿಲಾಯತಿ ಪತ್ರಿಕೆ, ಚಂದಾ ಕಟ್ಟಿದವರಿಗೆ ಮಾತ್ರ ಓದೂಕೆ ಕೊಡ್ತಾರೆ. ನಮ್ಮ ಆಸ್ಪತ್ರೆಗೆ ಚಂದಾ ಎಲ್ಲಿಂದ?"

"ರಕ್ತ ನಮ್ದು, ಖರ್ಚು ಸರ್ಕಾರದ್ದು. ಬೀಗ ಯಾರದು ಮಾರಾಯ್ರೆ?"

ಶ್ರೀನಿವಾಸನ ಬಳಿ ದೀಪಾಲಿಯ ನಂಬರ್ ಇತ್ತು. ಫೋನ್ ಹಚ್ಚಿಕೊಟ್ಟ.

ದೀಪಾಲಿ ತಡವರಿಸಿದರು. ಬರೆದವರು ತಾವೇ ಹೌದು, ಆದರೆ ಹಕ್ಕನ್ನೆಲ್ಲ ಪತ್ರಿಕೆಗೆ ಬರೆದುಕೊಟ್ಟಾಗಿದೆ, ನಿಯಮವೇ ಹಾಗೆ ಎಂದರು.

"ತಂಗೀ, ನನ್ನ ತವರು ಅಮದಳ್ಳಿ," ಎಂದಳು ಬೀರಿ. "ಅಲ್ಲಿ ರಂಪಣಿ ಬಲೆ ಎಳೀತಾರೆ. ಬಲೆ ಧನಿದು, ದೋಣಿ ಧನಿದು. ಆದ್ರೂ ದಂಡೆ ಮೇಲೆ ಹಗ್ಗಕ್ಕೆ ಕೈ ಹಾಕಿದ ಮುದುಕಿಗೂ ಮೀನಿನ ಪಾಲು ಕೊಡದೆ ಯಾವ ಧನಿಯೂ ಬುಟ್ಟಿ ಎತ್ತೂದಿಲ್ಲ. ನಾವು ಬರೀ ಕೈ ಹಾಕ್ಲಿಲ್ಲ, ರಕ್ತ ಹಾಕಿದ್ದೇವೆ. ನಮ್ಮ ಪಾಲು ಎಲ್ಲಿ?"

ದೀಪಾಲಿಯೂ ಕಡಲ ದಂಡೆಯ ಊರಿನವರೇ, ಚಿತ್ತಾಕುಲದವರು. ರಂಪಣಿಯ ಪಾಲೆಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಚ್ಚಿಗೆ ಹೋಗುವ ಮುಂಚಿನ ಪ್ರತಿ ನನ್ನ ಹತ್ರ ಇದೆ," ಎಂದರು ಕೊನೆಗೆ. "ಯಾರು ಬೇಕಾದ್ರೂ ಓದುವ ಹಾಗೆ ಇಂಟರ್ನೆಟ್ಟಿನಲ್ಲಿ ಅದನ್ನ ಇಡಬಹುದು. ಪತ್ರಿಕೆಯವರ ಒಪ್ಪಿಗೆ ಬೇಕು."

"ಕೇಳಿ. ಅಲ್ಲಿವರೆಗೆ ನಾ ಇಲ್ಲೇ ಬರ್ತಾ ಇರ್ತೆ."

ಬರುತ್ತಲೇ ಇದ್ದಳು ಮಹರಾಯಿತಿ! ಸಂತೆಗೆ ಹೊರಟರೂ ಆಸ್ಪತ್ರೆ, ಮದುವೆಗೆ ಹೊರಟರೂ ಆಸ್ಪತ್ರೆ. ಸಸಿ ಬಲಿತುಹೋಗುತ್ತಿದೆ ಎಂದು ಗದ್ದೆಯ ಒಡೆಯ ಕೂಗಾಡಿದ. ಬೀರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೊಂದು ಬೆಳಿಗ್ಗೆ ಶ್ರೀನಿವಾಸನೇ ಹೊರಗೆ ಬಂದು ಕರೆದ, "ಬಾ ಬೀರಿ, ಒಪ್ಪಿಗೆ ಸಿಕ್ತು, ಬರಹ ಬಂತು."

ಓದುತ್ತ ಕನ್ನಡದಲ್ಲಿ ಹೇಳಿದ. ಅದು ಕಾಮಾಲೆ ಅಲ್ಲ, ಇಲಿಜ್ವರ. ಇಲಿ ಉಚ್ಚೆ ಹೊಯ್ದ ನೀರು ಕಾಲಿನ ಗಾಯದಿಂದ ಮೈಗೆ ಇಳಿಯುತ್ತದೆ. ಹಳದಿಯಾಗುವ ಮೊದಲು ಕಣ್ಣು ಕೆಂಪಾಗುತ್ತದೆ, ಮೀನಖಂಡ ಮುಟ್ಟಿದರೆ ರೋಗಿ ಚೀರುತ್ತಾನೆ. ಆಗಲೇ ಸಾಮಾನ್ಯ ಮಾತ್ರೆ ಕೊಟ್ಟರೆ ಹೆಚ್ಚಿನವರು ಬದುಕುತ್ತಾರೆ. ಗದ್ದೆಗೆ ಇಳಿಯುವವರು ಅದನ್ನೇ ವಾರಕ್ಕೊಮ್ಮೆ ನುಂಗಿದರೆ ಜ್ವರ ಬರುವುದನ್ನೂ ತಡೆಯಬಹುದು.

"ಕಾಲು ಮುಟ್ಟಬೇಡ ಅವ್ವಾ ಅಂದಿದ್ದ," ಎಂದಳು ಬೀರಿ. "ನಾನು ಎಣ್ಣೆ ಹಚ್ಚಿ ತಿಕ್ಕಿದೆ... ಇದು ಯಾವಾಗ ಅಚ್ಚಾದದ್ದು?"

ಶ್ರೀನಿವಾಸ ತಲೆ ತಗ್ಗಿಸಿದ. "ಬೊಮ್ಮು ಹೋಗುವ ಹಿಂದಿನ ವರ್ಷ."

ಬೀರಿ ಅತ್ತಳು. ಆಸ್ಪತ್ರೆಗೆ ಬಂದ ಅಷ್ಟೂ ಜನರ ಎದುರು ಎದೆ ಬಡಿದುಕೊಂಡು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು.

"ಆ ಮಾತ್ರೆ ಇದೆಯಾ ನಿಮ್ಮ ಹತ್ರ?"

"ಇದೆ. ಆಗಲೂ ಇತ್ತು."

"ಹಾಗಾದ್ರೆ ತಕ್ಕೊಂಡು ನನ್ನ ಸಂಗ್ತಿ ಹೊರಡಿ. ಸುಮಿತಾ, ಅವಳ ಜೊತೆಯವರು ಎಲ್ಲಾ ಗದ್ದೆ ಅಂಚಿಗೆ ಕೂತಿದಾರೆ. ನಾ ಬರೂವರೆಗೆ ಇಳೀಬೇಡಿ ಅಂತ ಹೇಳಿ ಬಂದೆ."