ಗಾಜಿನಮನೆಗೆ ಹುಳ ಬಿಟ್ಟವಳು

ಸಂಶೋಧನಾ ಕೇಂದ್ರದ ಹಿಂಬದಿಯ ಗಾಜಿನಮನೆಯಲ್ಲಿ ಅವಳು ಹನ್ನೊಂದು ವರ್ಷ ಗಿಡ ನೋಡಿಕೊಂಡಳು. ನೀರು ಹಾಕುವುದು, ಕುಂಡ ಬದಲಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಹುಳ ಹೆಕ್ಕುವುದು. ಎಲೆಯಡಿ ಎಳ್ಳಿನಷ್ಟು ಮೊಟ್ಟೆಯಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿನವರು ಅವಳನ್ನು ಹುಳದಕ್ಕ ಎನ್ನುತ್ತಿದ್ದರು. ಮೊದಮೊದಲು ಮುಖ ಗಂಟಿಕ್ಕಿದಳು; ಆಮೇಲೆ ಫೋನಿನಲ್ಲಿ ತಾನೇ ಹಾಗೆ ಹೇಳಿಕೊಳ್ಳತೊಡಗಿದಳು.

ಅಲ್ಲಿನ ವಿಜ್ಞಾನಿ ಮಾತು ಕಡಿಮೆಯ ಹೆಂಗಸು. ಕಾಡಿನ ಒಂದು ಗಿಡದ ಎಲೆಯಲ್ಲಿ ಅವರಿಗೆ ಗಾಯ ಕೀವಾಗದಂತೆ ತಡೆಯುವ ಕಹಿ ಅಂಶವೊಂದು ಸಿಕ್ಕಿತ್ತು. ಔಷಧಿಯಾದೀತೇ ನೋಡೋಣವೆಂದು ಬೀಜ ತಂದು ಇನ್ನೂರು ಕುಂಡಗಳಲ್ಲಿ ಬೆಳೆಸಿದರು. ಗಿಡಗಳು ಸೊಂಪಾಗಿ ಬಂದವು. ಎಲೆ ಅರೆದು, ಸೋಸಿ ಪರೀಕ್ಷಿಸಿದರೆ ಆ ಅಂಶ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಗೊಬ್ಬರ ಬದಲಾಯಿತು, ದೀಪ ಬದಲಾಯಿತು. ಎರಡು ವರ್ಷ ಹೀಗೇ ಹೋಯಿತು.

ಒಂದು ಬೆಳಿಗ್ಗೆ ವಿಜ್ಞಾನಿ ಕುಂಡಗಳ ನಡುವೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಹುಳದಕ್ಕ ಪೈಪು ಕೆಳಗಿಟ್ಟು ಬಂದಳು.

"ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ ಮೇಡಂ. ನಾನು ಎಲೆ ಬಾಯಿಗೆ ಹಾಕಿ ನೋಡಿದೀನಿ."

ಏನನ್ನೂ ಬಾಯಿಗೆ ಹಾಕಬಾರದೆಂದು ಬಾಗಿಲ ಮೇಲೇ ಬರೆದಿತ್ತು. ಆದರೂ ವಿಜ್ಞಾನಿ ಬೈಯಲಿಲ್ಲ.

"ಇವೆಲ್ಲ ಸಪ್ಪೆ. ನಾನು ಕಿತ್ತು ಎಸೆದ ಗಿಡ ಒಂದು ಹೊರಗೆ ಗೋಡೆ ಹತ್ರ ಬೇರು ಬಿಟ್ಕೊಂಡಿದೆ. ಹುಳ ತಿಂದು ತಿಂದು ಜರಡಿ ಮಾಡಿವೆ. ಅದರೆಲೆ ನಾಲಿಗೆ ಮೇಲೆ ಇಡಕ್ಕಾಗಲ್ಲ, ಅಷ್ಟು ಕಹಿ. ಇಲ್ಲಿ ಕಾಟ ಕೊಡೋರೇ ಇಲ್ಲ, ಇವು ಯಾಕೆ ಕಹಿಯಾಗ್ತವೆ?"

ಅಂದೇ ಆ ಗಿಡದ ಎಲೆ ಪರೀಕ್ಷೆಗೆ ಹೋಯಿತು. ಆ ಅಂಶ ಒಳಗಿನ ಗಿಡಗಳಿಗಿಂತ ನಲವತ್ತು ಪಟ್ಟು ಹೆಚ್ಚಿತ್ತು.

ಮರುವಾರ ಅವಳ ಕೆಲಸ ತಿರುವುಮುರುವಾಯಿತು. ಗಿಡಕ್ಕೆ ಐದರಂತೆ ಹುಳ ಬಿಡಬೇಕು. ಎರಡು ದಿನ ಹುಳದ ಡಬ್ಬಿ ಮುಚ್ಚಿದಂತೆಯೇ ಇತ್ತು. ಅವಳಿಗೆ ಮನಸ್ಸು ಬರಲಿಲ್ಲ. ಮನೆಯಲ್ಲಿ ಅತ್ತಿಗೆಯ ಹತ್ತಿರ ಹೇಳಿಕೊಂಡಾಗ ಆಕೆ, ಹೆಸರಿಟ್ಟವರು ಮುಂದಾಲೋಚನೆ ಮಾಡಿಯೇ ಇಟ್ಟಿದ್ದಾರೆ ಬಿಡು ಎಂದು ನಕ್ಕಳು. ಮೂರನೆಯ ದಿನ ಹುಳದಕ್ಕ ಡಬ್ಬಿ ತೆರೆದಳು. ಹದಿನೈದು ದಿನಕ್ಕೆ ಎಲೆಗಳೆಲ್ಲ ತೂತು, ಕಹಿ ಬೇಕಾದಷ್ಟು.

ಔಷಧಿ ಮಾತ್ರ ಆಗಲಿಲ್ಲ. ಆ ಕಹಿ ಅಂಶ ಕೊಟ್ಟ ಇಲಿಗಳ ಪಿತ್ತಜನಕಾಂಗ ಕೆಟ್ಟಿತು. ವಿಜ್ಞಾನಿ ತಾವೇ ಬಂದು ಹೇಳಿದರು.

"ಪಾಪ, ಗಿಡ ಅದನ್ನ ಹುಳಕ್ಕೆ ಅಂತ ಮಾಡ್ಕೊಂಡಿದ್ದು," ಎಂದಳು ಅವಳು.

ಗಿಡಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಲು ನಾಲ್ಕು ದಿನ ಹಿಡಿಯಿತು. ಬೇರೆ ಗಿಡಗಳಿಗೂ ಹುಳ ಬಿಟ್ಟು ನೋಡಲೆಂದು ಕೇಂದ್ರದಲ್ಲಿ ಹುಳ ಸಾಕುವ ಕೋಣೆ ಹೊಸದಾಗಿ ಶುರುವಾಯಿತು. ನಿವೃತ್ತಿಯವರೆಗೆ ಅವಳು ಅದನ್ನೇ ನೋಡಿಕೊಂಡಳು.