ಜವರಿಯ ಹಿಡಿ ಹತ್ತಿಬೀಜ

ಶಿರಂಗಾಲದ ಜವರಿ ಬಾಣಂತನ ಮಾಡುವುದರಲ್ಲಿ ಹೆಸರಾದವಳು. ಎಳ್ಳೆಣ್ಣೆ, ತುಪ್ಪ ತಿನ್ನಿಸಿ ಎಷ್ಟು ತಾಯಂದಿರ ಎದೆಯಲ್ಲಿ ಹಾಲು ತುಂಬಿಸಿದ್ದಳೋ, ಲೆಕ್ಕವಿಲ್ಲ. ತನ್ನ ತಂಗಿಯನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಹೆರಿಗೆಯ ಜ್ವರ ಅವಳನ್ನು ಕೊಂಡೊಯ್ದಿತು. ಎರಡು ತಿಂಗಳ ಹೆಣ್ಣುಕೂಸು ಚಿನ್ನಿ ಜವರಿಯ ಮಡಿಲಿಗೆ ಬಂತು.

ಕೊಡಗು ಇನ್ನೂ ಮೈಸೂರಿಗೆ ಸೇರದೆ ತನ್ನದೇ ರಾಜ್ಯವಾಗಿದ್ದ ಕಾಲ. ಆ ಬೇಸಿಗೆ ಹೊಳೆದಂಡೆಯ ಹುಲ್ಲೂ ಒಣಗಿತ್ತು. ಮನೆಯಲ್ಲಿದ್ದ ಒಂದೇ ಹಸು ಕೆಂದಿಯ ಹಾಲು ದಿನದಿನಕ್ಕೆ ಇಳಿಯುತ್ತಿತ್ತು. ಜವರಿ ತನಗೆ ಗೊತ್ತಿದ್ದ ವಿದ್ಯೆಯನ್ನೇ ಹಿಡಿದಳು. ಬೆಳಿಗ್ಗೆ ಸಂಜೆ ಬಿದಿರಿನ ಗೊಟ್ಟದಲ್ಲಿ ಎಳ್ಳೆಣ್ಣೆ ತುಂಬಿ ಕೆಂದಿಯ ಗಂಟಲಿಗೆ ಹೊಯ್ದಳು.

ಗಾಡಿ ಹೊಡೆಯುವ ನೆರೆಮನೆಯ ಕೂಸಪ್ಪ ಬೇಲಿಯಾಚೆಯಿಂದ ನೋಡಿ ನಕ್ಕ. "ಏನ್ ಜವರಕ್ಕಾ, ಹಸೂಗೂ ಬಾಣಂತನವಾ? ತಲೆಗೊಂದು ಬಟ್ಟೆ ಕಟ್ಟಿಬಿಡು, ಶೀತ ಆದೀತು!"

"ನಿನ್ನ ಎತ್ತು ಈದಾಗ ನಿನ್ನನ್ನೇ ಕೇಳ್ತೀನಿ, ಹೋಗೋ!"

ಮೂರನೆಯ ದಿನ ಕೆಂದಿ ಮೆಲುಕು ಹಾಕುವುದನ್ನು ಬಿಟ್ಟಿತು. ಸಗಣಿ ನೀರಾಯಿತು. ಕರೆದರೆ ಚೊಂಬಿನ ತಳವೂ ಮುಚ್ಚಲಿಲ್ಲ. ಕೂಸಪ್ಪ ಈಗ ನಗಲಿಲ್ಲ.

"ಹುಲ್ಲು ಕರಗೋ ಹೊಟ್ಟೆ ಕಣಕ್ಕಾ ಅದು. ಮೇಲಿಂದ ಎಣ್ಣೆ ಸುರಿದ್ರೆ ಹುಲ್ಲು ಹ್ಯಾಗೆ ಕರಗ್ತದೆ? ಎಣ್ಣೆ ಬೀಜದೊಳಗೇ ಇರ್ಲಿ. ಮೊದ್ಲು ಹೊಟ್ಟೆ ಸರಿಹೋಗ್ಲಿ, ಆಮೇಲೆ ಹತ್ತಿಬೀಜ ನೆನೆಸಿ ರುಬ್ಬಿ ಕೊಡು. ಅದೂ ಒಂದು ಹಿಡಿ, ಅಷ್ಟೇ."

ಜವರಿ ಗೊಟ್ಟವನ್ನು ಒಲೆಗೆ ಹಾಕಿದಳು. ಐದು ದಿನ ಕೆಂದಿಗೆ ಬರೀ ಒಣಹುಲ್ಲು, ನೀರು. ಐದು ದಿನ ಚಿನ್ನಿಗೆ ಆ ತೊಟ್ಟು ಹಾಲಿಗೆ ಬೆರೆಸಿದ ತೆಳು ರಾಗಿಗಂಜಿ. ಕೂಸಿನ ಅಳು ಸಣ್ಣದಾಗುತ್ತಾ ಬಂತು. ತನ್ನ ಕೈಯಾರೆ ಹಾಲು ಬತ್ತಿಸಿದೆ ಎಂಬ ಸಂಕಟದಲ್ಲಿ ಜವರಿ ಕೂಸನ್ನು ಮಡಿಲಿನಿಂದ ಇಳಿಸಲಿಲ್ಲ. ಆರನೆಯ ಬೆಳಿಗ್ಗೆ ಕೊಟ್ಟಿಗೆಯಿಂದ ಮೆಲುಕಿನ ಸದ್ದು ಕೇಳಿಸಿತು. ಅವಳು ಕಂಬ ಹಿಡಿದು ನಿಂತು ಅತ್ತಳು.

ಅಂದು ಕೂಸಪ್ಪ ಫ್ರೇಜರ್‌ಪೇಟೆಯ ಸಂತೆಯಿಂದ ಹತ್ತಿಬೀಜ ತಂದ. ದಿನಕ್ಕೊಂದು ಹಿಡಿ. ವಾರ ಕಳೆಯುವಷ್ಟರಲ್ಲಿ ಚೊಂಬು ಅರ್ಧವಾಯಿತು, ಆಮೇಲೆ ತುಂಬಿತು. ಚಿನ್ನಿ ಉಳಿದಳು, ಅಂಬೆಗಾಲಿಟ್ಟಳು.

ಮರುವರ್ಷ ಮಳೆ ಹಿಡಿಯುವ ಮೊದಲೇ, ಎರಡೇ ದಿನದ ಜ್ವರದಲ್ಲಿ ಜವರಿ ಹೋದಳು.

ಮಣ್ಣು ಮಾಡಿ ಬಂದವರು ಮಿಂದು ಜಗಲಿಯಲ್ಲಿ ಕೂತರು. ಕೆಂದಿ ಕೂಗುತ್ತಿತ್ತು. ಕೂಸಪ್ಪ ಕೊಟ್ಟಿಗೆಗೆ ಹೋದ. ಮೂಲೆಯ ಮಡಕೆಯಲ್ಲಿ, ಹಿಂದಿನ ಸಂಜೆ ಜ್ವರದಲ್ಲೇ ಎದ್ದು ಜವರಿ ನೆನೆಹಾಕಿದ್ದ ಹತ್ತಿಬೀಜ ಉಬ್ಬಿತ್ತು. ಒಂದೇ ಹಿಡಿ. ಅದನ್ನು ರುಬ್ಬಿ ತಿನ್ನಿಸಿದ. ಹಾಲು ಕರೆದು, ಬೆಚ್ಚಗೆ ಮಾಡಿ, ಚಿನ್ನಿಗೆ ಕುಡಿಸಿದ.

ಆಮೇಲೆ ಮಡಕೆ ತೊಳೆದು, ನಾಳೆಗೆ ಇನ್ನೊಂದು ಹಿಡಿ ಹಾಕಿ ನೀರು ಹೊಯ್ದ.