ಬೇಕರಿ ಗನ್ನಿಗೆ ಸಿಕ್ಕ ಆಕಾಶ

ದಟ್ಟಗಳ್ಳಿಯ ನಮ್ಮ ಮನೆಯ ತಾರಸಿಯ ಮೇಲೆ ಆ ಮಧ್ಯಾಹ್ನ ನಾವು ನಾಲ್ವರು: ನಾನು, ನನ್ನ ಅಮ್ಮ, ಕೆಸರೆಯಲ್ಲಿ ಬೇಕರಿ ನಡೆಸುವ ಭಾವ, ಮತ್ತೆ ಉಗುರು ಕಚ್ಚುತ್ತ ನಿಂತಿದ್ದ ನಮ್ಮಣ್ಣನ ಮಗಳು. ಮಾರನೆಯ ದಿನ ಅವಳು ಒಂದು ಕಾಲೇಜಿನಲ್ಲಿ ಮಾದರಿ ಪಾಠ ಮಾಡಬೇಕಿತ್ತು. ಅದು ಒಪ್ಪಿಗೆಯಾದರೆ ಉಪನ್ಯಾಸಕಿಯ ಕೆಲಸ. ಹಿಂದೆ ಬೇರೊಂದು ಕಾಲೇಜಿನಲ್ಲಿ ಇಂಥದೇ ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸಲು ಹೋಗಿ, ನಡುವೆ ಮರೆತು, ಅಳುತ್ತ ಬಂದಿದ್ದಳು. ಈ ಸಲದ ವಿಷಯ, ಉಪಗ್ರಹವು ಭೂಮಿಯ ಬಿಸಿಯನ್ನು ಅಷ್ಟು ದೂರದಿಂದ ಅಳೆಯುವ ಬಗೆ.

ಓವನ್ನಿನ ಬಿಸಿಯನ್ನು ಮುಟ್ಟದೆ ಅಳೆಯುವ, ಪಿಸ್ತೂಲಿನಂಥ ತಮ್ಮ ಥರ್ಮಾಮೀಟರ್ ಗನ್ನನ್ನು ಭಾವ ಅವಳಿಗಾಗಿ ತಂದಿದ್ದರು. ನೆಲಕ್ಕೆ ಹಿಡಿದರೆ ಅಂಗಾಲು ಸುಡುವಷ್ಟು ಬಿಸಿ ತೋರಿಸಿತು. ಸೂರ್ಯನಿಗೆ ಬೆನ್ನು ಮಾಡಿ ನೀಲಿ ಆಕಾಶಕ್ಕೆ ಹಿಡಿದಳು. ಅಂಕಿ ಸರಸರನೆ ಇಳಿದು ಸೊನ್ನೆಗಿಂತ ಕೆಳಗೆ ಹೋಯಿತು.

"ಅಯ್ಯೋ, ಕೆಡಿಸ್ಬುಟ್ಯಲ್ಲೇ! ನಾಳೆ ಬನ್ನು ಸೀದೋದ್ರೆ ಅಷ್ಟನ್ನೂ ನೀನೇ ತಿನ್ಬೇಕು," ಎಂದರು ಭಾವ.

"ಕೆಟ್ಟಿಲ್ಲ ಮಾವ," ಎನ್ನುತ್ತ ಅವಳು ಹಾಳೆ ತೆಗೆದು, "ವಾತಾವರಣದ ವಿಕಿರಣ ಪಾರಗಮ್ಯತೆಯು..." ಎಂದು ಶುರುಮಾಡಿದಳು.

"ಇದೇನೇ, ಪುರೋಹಿತರ ಥರ ಸಂಕಲ್ಪ ಹೇಳ್ತಿದ್ದೀಯ?" ಅಮ್ಮ ಹಾಳೆ ಕಿತ್ತುಕೊಂಡರು. "ಇಂಥಾ ಬಿಸ್ಲಲ್ಲಿ ಆಕಾಶ ಯಾಕೆ ತಣ್ಣಗಿದೆ? ಅದನ್ನ ಹೇಳು ನಂಗೆ."

ಅವಳು ಗನ್ನನ್ನು ಮತ್ತೆ ಮೇಲಕ್ಕೆತ್ತಿ ತೋರಿಸಿದಳು. "ಅಜ್ಜಿ, ಎಲ್ಲಾ ವಸ್ತುನೂ ತನ್ನ ಬಿಸಿಗೆ ತಕ್ಕಂಗೆ ಕಣ್ಣಿಗೆ ಕಾಣ್ದಿರೋ ಕಿರಣ ಬಿಡುತ್ತೆ. ನೀನೂ ಬಿಡ್ತೀಯ, ಈ ನೆಲಾನೂ ಬಿಡುತ್ತೆ. ಈ ಗನ್ನು ಹಿಡಿಯೋ ಕಿರಣಾನ ಗಾಳಿ ಜಾಸ್ತಿ ತಡೆಯಲ್ಲ, ತಾನೂ ಜಾಸ್ತಿ ಬಿಡಲ್ಲ. ಅದಕ್ಕೇ ತುಂಬಾ ಮೇಲಿನ ಚಳಿ ಸಿಗುತ್ತೆ. ನೆಲದ ಕಿರಣಾನೂ ಹಂಗೇ ಗಾಳಿ ದಾಟಿ ಮೇಲಿರೋ ಉಪಗ್ರಹಕ್ಕೆ ಸಿಗುತ್ತೆ."

"ಮೋಡ ಬಂದ್ರೆ?" ಎಂದರು ಅಮ್ಮ.

ಚಾಮುಂಡಿಬೆಟ್ಟದ ಕಡೆಯಿಂದ ಒಂದು ಬಿಳಿ ಮೋಡ ತೇಲಿಬರುತ್ತಿತ್ತು. ಗನ್ನು ಹಿಡಿದಳು, ಅಂಕಿ ಮೇಲೇರಿತು.

"ನೋಡು, ಮೋಡ ತನ್ನ ಕಿರಣ ಬಿಡುತ್ತೆ. ಉಪಗ್ರಹಕ್ಕೂ ಅಷ್ಟೇ, ಮೋಡ ಅಡ್ಡ ಬಂದ್ರೆ ಮೋಡದ ನೆತ್ತಿ ಸಿಗುತ್ತೆ, ನಮ್ಮ ತಾರಸಿ ಸಿಗಲ್ಲ."

"ಅಂದ್ರೆ ನಾನು ಕಂಬಳಿ ಹೊದ್ದು ಮಲಗಿದ್ರೆ, ಇದಕ್ಕೆ ಕಂಬಳಿ ಬಿಸಿ ಗೊತ್ತಾಗುತ್ತೆ, ನನ್ನ ಜ್ವರ ಗೊತ್ತಾಗಲ್ಲ."

"ಅಷ್ಟೇ ಕಣಜ್ಜಿ!"

"ನಂಗೂ ತಿಳೀತು," ಎಂದರು ಭಾವ. "ಆದ್ರೂ ಓವನ್ ಮುಂದೆ ಹಿಡಿದು ನೋಡೋವರ್ಗೂ ಇದು ಕೆಟ್ಟಿಲ್ಲ ಅಂತ ನಾನು ನಂಬಲ್ಲ ಬುಡು."

ಮಾರನೆಯ ದಿನ ಬೆಳಗಿನಿಂದಲೇ ಮೋಡ ಮುಚ್ಚಿತ್ತು. ತೋರಿಸಲು ನೀಲಿ ಆಕಾಶದ ಒಂದು ತುಣುಕೂ ಇರಲಿಲ್ಲ. ಅವಳು ತನ್ನನ್ನು ಪರೀಕ್ಷಿಸಲು ಕುಳಿತಿದ್ದವರಲ್ಲಿ ಒಬ್ಬರನ್ನು ಕಿಟಕಿಯಾಚೆ ನಿಲ್ಲಿಸಿ, ಮೊದಲು ಕಿಟಕಿ ತೆರೆದು, ಆಮೇಲೆ ಗಾಜು ಮುಚ್ಚಿ, ಅವರ ಮುಖಕ್ಕೆ ಗನ್ನು ಹಿಡಿದಳಂತೆ. ಕಿಟಕಿ ತೆರೆದಿದ್ದಾಗ ಮುಖದ ಬಿಸಿ ಬಂತು. ಗಾಜು ಮುಚ್ಚಿದ ಮೇಲೂ ಮುಖ ಎಲ್ಲರಿಗೂ ಕಾಣುತ್ತಲೇ ಇತ್ತು. ಗನ್ನಿಗೆ ಮಾತ್ರ ತಣ್ಣನೆಯ ಗಾಜು ಸಿಕ್ಕಿತು. ಅಲ್ಲಿಂದ ಮೋಡಕ್ಕೆ, ಉಪಗ್ರಹಕ್ಕೆ ಪಾಠ ತಾನಾಗಿಯೇ ಹರಿಯಿತು.

ಮುಂದಿನ ವಾರ ಅವಳು ಅಲ್ಲೇ ಕೆಲಸಕ್ಕೆ ಸೇರಿದಳು.